ಖಡ್ಗಪರೀಕ್ಷಕ ಕೊಯೆತ್ಸು

ಜಪಾನ್ ದೇಶದಲ್ಲಿ ಒಳ್ಳೆಯ ಕತ್ತಿಯೊಂದನ್ನು ನೋಡುವುದಕ್ಕೂ ಒಂದು ಕ್ರಮವುಂಟು. ನೋಡುವವನು ಮೊದಲು ಕತ್ತಿಗೆ ತಲೆಬಾಗಿ ವಂದಿಸುತ್ತಾನೆ. ಅನಂತರ ಅದರ ಬಾಯನ್ನು ಮೇಲುಮಾಡಿ ಹಿಡಿದು, ಒರೆಯಿಂದ ನಿಧಾನವಾಗಿ ಸೆಳೆಯುತ್ತಾನೆ. ಅಲಗನ್ನು ಬರಿಗೈಯಿಂದ ಮುಟ್ಟುವುದಿಲ್ಲ. ಬೆರಳಿನ ಬೆವರು ಸೋಕಿದರೂ ಸಾಕು, ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಅದರ ಎದುರಿನಲ್ಲಿ ಮಾತನಾಡುವುದೂ ಇಲ್ಲ. ಉಸಿರಿನ ತೇವ ತಗಲೀತೆಂಬ ಅಳುಕು. ಕತ್ತಿಯನ್ನು ನೆಟ್ಟಗೆ ಎತ್ತಿ ಹಿಡಿದು ಮೊದಲು ಅದರ ಒಟ್ಟು ಆಕಾರವನ್ನೂ ಬಾಗನ್ನೂ ನೋಡುತ್ತಾನೆ. ಆಮೇಲೆ ಒಂದೇ ಒಂದು ದೀಪದ ಕಡೆಗೆ ಅಲಗನ್ನು ಚಾಚಿ, ಸ್ವಲ್ಪ ಸ್ವಲ್ಪವಾಗಿ ಓರೆಮಾಡುತ್ತಾ ಹೋಗುತ್ತಾನೆ. ಆಗ, ಅದುವರೆಗೆ ಬರಿಯ ಹೊಳಪಾಗಿ ಕಾಣುತ್ತಿದ್ದ ಉಕ್ಕಿನ ಮೈಯಲ್ಲಿ ಒಂದೊಂದೇ ಸಂಗತಿ ಗೋಚರವಾಗತೊಡಗುತ್ತದೆ. ಕೊಯ್ದ ಮರದ ಹಲಗೆಯಲ್ಲಿರುವಂತಹ ನವುರಾದ ಎಳೆಗಳು ಕಾಣುತ್ತವೆ. ಬಾಯಿಯ ಉದ್ದಕ್ಕೂ ಬೆಳಗಿನ ಮಂಜಿನಂತೆ ಬೆಳ್ಳಗೆ ಹರಿದಿರುವ ಒಂದು ರೇಖೆ ಮೂಡುತ್ತದೆ. ಆ ಮಂಜಿನೊಳಗೆ ಅಲ್ಲಲ್ಲಿ ನಕ್ಷತ್ರಗಳಂತೆ ಮಿನುಗುವ ಸಣ್ಣ ಕಣಗಳು ತೋರುತ್ತವೆ.

ಕತ್ತಿ ಕೊಲ್ಲುವ ಸಾಧನ. ಅದನ್ನು ಮಾಡಿದವನಿಗೂ ತಿಳಿದಿತ್ತು, ಕೊಂಡವನಿಗೂ ತಿಳಿದಿತ್ತು. ಹೀಗಿದ್ದೂ ಆ ದೇಶದ ಜನ ಅದನ್ನು ಚಿತ್ರದಂತೆ, ಕಾವ್ಯದಂತೆ ಕುಳಿತು ನೋಡುವುದನ್ನು ಕಲಿತರು. ಹಾಗೆ ನೋಡುವುದನ್ನೇ ಕುಲವೃತ್ತಿಯನ್ನಾಗಿ ಮಾಡಿಕೊಂಡ ಮನೆತನವೊಂದು ಕ್ಯೋಟೊ ನಗರದಲ್ಲಿದ್ದಿತು. ಆ ಮನೆತನದ ಹೆಸರು ಹೊನಾಮಿ. ಅದರಲ್ಲಿ ಹುಟ್ಟಿ, ಉಕ್ಕಿನ ಮೇಲೆ ಪಳಗಿಸಿದ ಕಣ್ಣನ್ನು ಅಕ್ಷರ, ಮಣ್ಣು, ಮೆರುಗು, ಕಾಗದ ಎಲ್ಲದರ ಮೇಲೂ ಹಾಯಿಸಿ ದೇಶದ ಶ್ರೇಷ್ಠ ಕಲಾವಿದರಲ್ಲಿ ಒಬ್ಬನೆನಿಸಿದವನು ಹೊನಾಮಿ ಕೊಯೆತ್ಸು.

ಕೊಯೆತ್ಸು ಹುಟ್ಟಿದುದು 1558ರಲ್ಲಿ. ಆಗ ಜಪಾನಿನಲ್ಲಿ ಸಾಮಂತರ ಒಳಜಗಳ ಉಚ್ಛ್ರಾಯದಲ್ಲಿತ್ತು. ಚಕ್ರವರ್ತಿ ಕ್ಯೋಟೊದಲ್ಲಿದ್ದನೆಂಬುದು ಹೆಸರಿಗೆ ಮಾತ್ರ. ಅಧಿಕಾರ ಕತ್ತಿಯಿದ್ದವನ ಕೈಯಲ್ಲಿತ್ತು. ಹೊನಾಮಿ ಮನೆತನದವರು ಯೋಧರಲ್ಲ, ನಗರವಾಸಿಗಳಾದ ಕುಶಲಕರ್ಮಿಗಳು. ತಮ್ಮ ಮೂಲಪುರುಷನು 14ನೆಯ ಶತಮಾನದಲ್ಲಿ ಅಶಿಕಾಗ ತಕಾವುಜಿ ಎಂಬ ಶೋಗುನನ, ಎಂದರೆ ಮಹಾದಂಡನಾಯಕನ, ಸೇವೆಯಲ್ಲಿದ್ದನೆಂದು ಅವರು ಹೇಳಿಕೊಳ್ಳುತ್ತಿದ್ದರು. ಅವರ ಕಸುಬು ಮೂರು ಬಗೆಯದು. ಕತ್ತಿಗೆ ಸಾಣೆ ಹಿಡಿಯುವುದು ಒಂದು. ಕಾಲಕಾಲಕ್ಕೆ ಅದನ್ನು ಒರಸಿ, ಎಣ್ಣೆ ಸವರಿ, ತುಕ್ಕು ಬಾರದಂತೆ ಕಾಪಾಡುವುದು ಇನ್ನೊಂದು. ಅದು ಯಾರು ಮಾಡಿದ ಕತ್ತಿ, ಯಾವ ಕಾಲದ್ದು, ಎಷ್ಟು ಬೆಲೆಯುಳ್ಳದ್ದು ಎಂದು ನಿರ್ಣಯಿಸುವುದು ಮೂರನೆಯದು. ಈ ಮೂರನ್ನೂ ಒಬ್ಬನೇ ಕಲಿಯಬೇಕಾಗಿತ್ತು.

ಸಾಣೆಯ ಕೆಲಸ ಎಂದೊಡನೆ ನಮ್ಮ ಬೀದಿಯಲ್ಲಿ ಚಕ್ರ ತಿರುಗಿಸುತ್ತಾ ಕಿಡಿ ಹಾರಿಸುವವನ ನೆನಪು ಬರಬಹುದು. ಇದು ಅಂತಹದಲ್ಲ. ಇಲ್ಲಿ ಚಕ್ರವೇ ಇಲ್ಲ. ನೀರಿನ ತೊಟ್ಟಿಯ ಮುಂದೆ ಕುಳಿತು, ಒರಟುಕಲ್ಲಿನಿಂದ ಮೊದಲುಮಾಡಿ, ಒಂದಕ್ಕಿಂತ ಒಂದು ನಯವಾದ ಕಲ್ಲುಗಳ ಮೇಲೆ ಅಲಗನ್ನು ಕೈಯಿಂದಲೇ ಉಜ್ಜುತ್ತಾ ಹೋಗಬೇಕು. ಕೊನೆಕೊನೆಗೆ ಕಲ್ಲಿನ ತೆಳುವಾದ ಬಿಲ್ಲೆಗಳನ್ನು ಹೆಬ್ಬೆರಳಿನ ತುದಿಯಲ್ಲಿ ಅದುಮಿ ಹಿಡಿದು ಅಂಗುಲ ಅಂಗುಲವಾಗಿ ತಿಕ್ಕಬೇಕು. ಒಂದು ಕತ್ತಿಗೆ ವಾರಗಟ್ಟಲೆ ಹಿಡಿಯುವುದುಂಟು. ಬಾಯಿ ಹರಿತವಾಗುವುದಷ್ಟೇ ಈ ಕೆಲಸದ ಗುರಿಯಲ್ಲ. ಕಮ್ಮಾರನು ಉಕ್ಕಿನೊಳಗೆ ಇಟ್ಟುಹೋದುದನ್ನು ಹೊರಗೆ ಕಾಣಿಸುವುದೇ ಮುಖ್ಯ. ಜೊತೆಗೆ ಒಂದು ಭಯವೂ ಇದೆ. ಪ್ರತಿಸಲ ಸಾಣೆ ಹಿಡಿದಾಗಲೂ ಉಕ್ಕು ಒಂದಿಷ್ಟು ಸವೆಯುತ್ತದೆ. ಸವೆದುದು ಮತ್ತೆ ಬರುವುದಿಲ್ಲ. ಮುನ್ನೂರು ವರ್ಷ ಉಳಿದುಬಂದ ಅಲಗನ್ನು ಅವಸರಗಾರನೊಬ್ಬ ಒಂದೇ ದಿನದಲ್ಲಿ ಹಾಳುಮಾಡಬಲ್ಲ. ಇಂತಹ ಕೆಲಸವನ್ನು ಕೊಯೆತ್ಸು ಎಳವೆಯಿಂದ ಕಂಡು ಬೆಳೆದನು.

ಕಮ್ಮಾರನು ಉಕ್ಕಿನೊಳಗೆ ಇಟ್ಟುಹೋಗುವುದಾದರೂ ಏನು? ಇದನ್ನು ತಿಳಿಯದೆ ಕೊಯೆತ್ಸುವಿನ ವಿದ್ಯೆ ಏನೆಂಬುದು ಅರ್ಥವಾಗುವುದಿಲ್ಲ. ಜಪಾನಿನಲ್ಲಿ ಕತ್ತಿಯ ಉಕ್ಕನ್ನು ಕಬ್ಬಿಣದ ಮರಳಿನಿಂದ ತೆಗೆಯುತ್ತಾರೆ. ಜೇಡಿಮಣ್ಣಿನ ದೊಡ್ಡ ಕುಲುಮೆಯಲ್ಲಿ ಮರಳನ್ನೂ ಇದ್ದಿಲನ್ನೂ ಸರದಿಯಂತೆ ಸುರಿಯುತ್ತಾ ಮೂರು ಹಗಲು ಮೂರು ರಾತ್ರಿ ಉರಿಸಿದರೆ ತಳದಲ್ಲಿ ಉಕ್ಕಿನ ಗಟ್ಟಿ ಕೂಡುತ್ತದೆ. ಅದರಿಂದ ಒಳ್ಳೆಯ ತುಂಡುಗಳನ್ನು ಆರಿಸಿ, ಕಾಯಿಸಿ, ಬಡಿದು, ರೊಟ್ಟಿಯ ಹಿಟ್ಟಿನಂತೆ ಮಡಿಸಿ ಮತ್ತೆ ಬಡಿಯುತ್ತಾರೆ. ಒಂದು ಸಲ ಮಡಿಸಿದರೆ ಎರಡು ಪದರ, ಎರಡು ಸಲಕ್ಕೆ ನಾಲ್ಕು; ಹದಿಮೂರು ಸಲ ಮಡಿಸಿದರೆ ಎಂಟು ಸಾವಿರಕ್ಕೂ ಮಿಕ್ಕಿದ ಪದರಗಳಾಗುತ್ತವೆ. ಮರದ ಎಳೆಯಂತೆ ಕಾಣುವುದು ಈ ಪದರಗಳೇ. ಅಲಗಿಗೆ ಆಕಾರ ಬಂದ ಮೇಲೆ ಅದಕ್ಕೆ ಹಸಿ ಜೇಡಿಯನ್ನು ಮೆತ್ತುತ್ತಾರೆ. ಬೆನ್ನಿನ ಕಡೆಗೆ ದಪ್ಪವಾಗಿಯೂ ಬಾಯಿಯ ಕಡೆಗೆ ತೆಳುವಾಗಿಯೂ ಮೆತ್ತುವುದು ಕ್ರಮ. ಕತ್ತಲೆ ಮಾಡಿದ ಕೋಣೆಯಲ್ಲಿ, ಕೆಂಡದ ಬಣ್ಣವೊಂದನ್ನೇ ನೋಡಿ ಕಾವನ್ನು ಅಳೆದು, ಥಟ್ಟನೆ ನೀರಿಗೆ ಅದ್ದುತ್ತಾರೆ. ಜೇಡಿ ತೆಳುವಾಗಿದ್ದ ಬಾಯಿ ಬೇಗನೆ ತಣಿದು ಕಠಿಣವಾಗುತ್ತದೆ. ದಪ್ಪ ಜೇಡಿಯ ಕೆಳಗಿನ ಬೆನ್ನು ಮೆಲ್ಲನೆ ತಣಿದು ಬಗ್ಗುವ ಗುಣವನ್ನು ಉಳಿಸಿಕೊಳ್ಳುತ್ತದೆ. ಕಠಿಣವಾದ ಭಾಗ ಒಂದಿಷ್ಟು ಹಿಗ್ಗುವುದರಿಂದ ಅಲಗು ಆ ಕ್ಷಣದಲ್ಲಿಯೇ ಹಿಂದಕ್ಕೆ ಬಾಗುತ್ತದೆ. ಆ ಸೊಗಸಾದ ಬಾಗು ಹೀಗೆ ಬೆಂಕಿ ನೀರುಗಳಿಂದ ಬಂದದ್ದು. ಕಠಿಣವೂ ಮೃದುವೂ ಸಂಧಿಸುವ ಗಡಿಯೇ ಮಂಜಿನಂತಹ ಆ ಬಿಳಿಯ ರೇಖೆ. ಅದನ್ನು ಜಪಾನೀಯರು ಹಮೋನ್ ಎಂದು ಕರೆಯುತ್ತಾರೆ. ಹಲವು ಸಲ ಈ ನೀರಿನ ಪರೀಕ್ಷೆಯಲ್ಲಿ ಅಲಗು ಸೀಳಿಹೋಗುವುದೂ ಉಂಟು. ಆಗ ಅಷ್ಟು ದಿನಗಳ ಶ್ರಮವೂ ವ್ಯರ್ಥ.

ಪ್ರತಿಯೊಬ್ಬ ಕಮ್ಮಾರನ ಉಕ್ಕಿನ ಎಳೆಯೂ ಹಮೋನಿನ ರೀತಿಯೂ ಅವನವನ ಕೈಬರಹದಂತೆ ಬೇರೆಬೇರೆ. ಕಾಮಾಕುರ ಪಟ್ಟಣದಲ್ಲಿ 13ನೆಯ ಶತಮಾನದ ಕೊನೆಗೂ 14ನೆಯ ಶತಮಾನದ ಮೊದಲಿಗೂ ಬಾಳಿದ ಮಸಮುನೆ ಎಂಬ ಕಮ್ಮಾರನನ್ನು ಈ ಕಲೆಯಲ್ಲಿ ಎಲ್ಲರಿಗಿಂತ ಮೇಲಾದವನೆಂದು ಬಗೆಯುತ್ತಾರೆ. ಆದರೆ ಅವನದೆಂದು ಮನ್ನಣೆ ಪಡೆದಿರುವ ಕತ್ತಿಗಳಲ್ಲಿ ಬಹುಪಾಲಿನವುಗಳ ಮೇಲೆ ಹೆಸರೇ ಇಲ್ಲ. ಹೆಸರಿಲ್ಲದ ಕತ್ತಿಯನ್ನು ಇದು ಮಸಮುನೆಯದು ಎಂದು ಹೇಳಬೇಕಾದವರು ಹೊನಾಮಿ ಮನೆತನದಂತಹ ಪರೀಕ್ಷಕರು. ಹೆಸರಿರುವ ಕತ್ತಿಯ ವಿಚಾರದಲ್ಲಿಯೂ ಅವರ ಕೆಲಸ ಸುಲಭವಾಗಿರಲಿಲ್ಲ. ಕಳ್ಳಹೆಸರನ್ನು ಕೊರೆಯುವವರು ಆಗಲೂ ಇದ್ದರು. ಪರೀಕ್ಷಕನು ಹಿಡಿಯೊಳಗೆ ಅಡಗಿರುವ ಅಲಗಿನ ಬುಡವನ್ನು ತೆಗೆಸಿ ನೋಡುತ್ತಿದ್ದನು. ಆ ಬುಡದ ತುಕ್ಕನ್ನು ಯಾರೂ ಉಜ್ಜಬಾರದು. ಅದರ ಬಣ್ಣವೇ ಕತ್ತಿಯ ವಯಸ್ಸನ್ನು ಹೇಳುವ ಸಾಕ್ಷಿ.

ಹಿದೆಯೋಶಿಯ ಆಳ್ವಿಕೆಯಲ್ಲಿ ಈ ಸಾಕ್ಷಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಟೊಯೊಟೊಮಿ ಹಿದೆಯೋಶಿ 16ನೆಯ ಶತಮಾನದ ಕೊನೆಯಲ್ಲಿ ದೇಶವನ್ನು ಒಂದುಗೂಡಿಸಿದ ವೀರ. ಗೆದ್ದ ಸಾಮಂತರಿಗೆ ಬಹುಮಾನವಾಗಿ ಹಂಚಲು ಭೂಮಿಯೊಂದೇ ಸಾಲದು. ಹೆಸರುವಾಸಿಯಾದ ಕತ್ತಿಗಳನ್ನೂ ಚಹದ ಪಾತ್ರೆಗಳನ್ನೂ ಕೊಡುವ ವಾಡಿಕೆ ಬಲಗೊಂಡಿತು. ಹೊನಾಮಿ ಮನೆತನದ ಹಿರಿಯ ಶಾಖೆಯ ಕೊಟೊಕುವನ್ನು ಹಿದೆಯೋಶಿ ಖಡ್ಗಪರೀಕ್ಷೆಗೆ ನೇಮಿಸಿದನು. ಆ ಶಾಖೆಯವರು ತಮ್ಮ ನಿರ್ಣಯವನ್ನೂ ಕತ್ತಿಯ ಬೆಲೆಯನ್ನೂ ದಪ್ಪನೆಯ ಕಾಗದವೊಂದರಲ್ಲಿ ಬರೆದು ಮಡಿಸಿ ಕೊಡುತ್ತಿದ್ದರು. ಮಡಿಸಿದ ಕಾಗದಕ್ಕೆ ಜಪಾನೀ ಭಾಷೆಯಲ್ಲಿ ಒರಿಗಾಮಿ ಎಂದು ಹೆಸರು. ನಮ್ಮ ಮಕ್ಕಳು ಕಾಗದದಿಂದ ಹಕ್ಕಿ ಮಾಡಿ ಆಡುವ ಆಟದ ಹೆಸರೂ ಅದೇ. ಒರಿಗಾಮಿ ಉಳ್ಳದ್ದು ಎಂದರೆ ಸಂದೇಹವಿಲ್ಲದೆ ನಂಬತಕ್ಕದ್ದು ಎಂಬ ಅರ್ಥ ಆ ಭಾಷೆಯ ದಿನಬಳಕೆಯಲ್ಲಿ ಇಂದಿಗೂ ಉಳಿದುಬಂದಿದೆ.

ಕೊಯೆತ್ಸುವಿನ ತಂದೆ ಕೋಜಿ ಈ ಮನೆತನಕ್ಕೆ ದತ್ತುಬಂದವನು. ಮನೆಯ ಮಗಳಾದ ಮ್ಯೋಶುವನ್ನು ಮದುವೆಯಾದವನು. ಮುಂದೆ ಹಿರಿಯ ಮನೆಯಲ್ಲಿ ಗಂಡುಮಗು ಹುಟ್ಟಲು, ಕೋಜಿ ತಾನಾಗಿ ಬೇರೆ ಮನೆ ಹೂಡಿದನು. ಹೀಗಾಗಿ ಕೊಯೆತ್ಸು ಕಿರಿಯ ಶಾಖೆಗೆ ಸೇರಿದವನು. ಕಾಗ ಪ್ರಾಂತದ ಪ್ರಭುಗಳಾದ ಮಾಯೆದ ವಂಶದವರು ಕೋಜಿಯ ವಿದ್ಯೆಯನ್ನು ಮೆಚ್ಚಿ ವರ್ಷವರ್ಷವೂ ಅಕ್ಕಿಯ ವೇತನವನ್ನು ಕೊಡುತ್ತಿದ್ದರು. ಅದು ಮಗನಿಗೂ ಮುಂದುವರಿಯಿತು.

ಪ್ರಭುಗಳ ಮೆಚ್ಚುಗೆಯ ಬೆನ್ನಿಗೆ ಅಪಾಯವೂ ಇದ್ದೇ ಇರುತ್ತಿತ್ತು. ಹೊನಾಮಿ ವಂಶಜರು ಮನೆಯ ಹಿರಿಯರ ನಡತೆಯನ್ನು ಕುರಿತು ಒಂದು ವೃತ್ತಾಂತವನ್ನು ಬರೆದಿಟ್ಟಿದ್ದಾರೆ. ಅದರಲ್ಲಿ ಬರುವ ಸಂಗತಿಯಿದು. ಯಾರೋ ಹೇಳಿದ ಚಾಡಿಯಿಂದ ಕೋಜಿ ಒಮ್ಮೆ ಓಡ ನೊಬುನಾಗನ ಕೋಪಕ್ಕೆ ಗುರಿಯಾದನು. ನೊಬುನಾಗನ ಕೋಪವೆಂದರೆ ಅಂದಿನ ಜಪಾನಿನಲ್ಲಿ ತಲೆ ಉಳಿಯುವ ಮಾತಲ್ಲ. ಮ್ಯೋಶು ಆತನು ಬೇಟೆಗೆ ಬರುವ ದಾರಿಯಲ್ಲಿ ಕಾದಿದ್ದು, ನುಗ್ಗಿ ಹೋಗಿ ಕುದುರೆಯನ್ನು ತಡೆದು ಹಿಡಿದಳು. ನೊಬುನಾಗನು ಸಿಟ್ಟಿನಿಂದ ರಿಕಾಪಿನಲ್ಲಿದ್ದ ಕಾಲಿನಿಂದಲೇ ಆಕೆಯನ್ನು ಒದೆದನು. ಆಕೆ ಬಿಡಲಿಲ್ಲ. ಗಂಡನು ನಿರಪರಾಧಿಯೆಂದು ಹೇಳಬೇಕಾದುದನ್ನೆಲ್ಲ ಹೇಳಿದ ಮೇಲೆಯೇ ಕೈ ತೆಗೆದಳು. ಕೋಜಿಗೆ ಕ್ಷಮೆ ದೊರೆಯಿತು. ಈಕೆಯೇ ಮುಂದೆ, ಸಿರಿವಂತರಾದ ಮಕ್ಕಳು ಕಳುಹಿಸಿದ ಒಳ್ಳೆಯ ಬಟ್ಟೆಗಳನ್ನು ಕತ್ತರಿಸಿ ಇಲ್ಲದವರಿಗೆ ಹಂಚಿಬಿಡುತ್ತಿದ್ದಳಂತೆ. ಅವರ ಎಣಿಕೆಯಂತೆ ತೊಂಬತ್ತು ವರ್ಷ ಬಾಳಿ 1618ರಲ್ಲಿ ತೀರಿಕೊಂಡಾಗ, ಆಕೆಯ ಬಳಿ ಕೆಲವು ಸಾದಾ ಉಡುಪುಗಳೂ ಹಾಸಿಗೆ ದಿಂಬುಗಳೂ ಅಲ್ಲದೆ ಮತ್ತೇನೂ ಇರಲಿಲ್ಲವೆಂದು ಆ ವೃತ್ತಾಂತ ಹೇಳುತ್ತದೆ. ಕೊಯೆತ್ಸುವಿನ ಸ್ವಭಾವವನ್ನು ಅರಿಯಬೇಕಾದರೆ ಮೊದಲು ಈ ತಾಯಿಯನ್ನು ಅರಿಯಬೇಕು.

ತಂದೆಯ ವಿಚಾರವಾಗಿ ಅದೇ ವೃತ್ತಾಂತದಲ್ಲಿ ಇನ್ನೊಂದು ಸಂಗತಿಯಿದೆ. ಮುಂದೆ ಶೋಗುನನಾದ ಟೊಕುಗಾವ ಇಯೆಯಾಸುವಿನ ಬಳಿ ಮಸಮುನೆಯದೆಂದು ಆತನು ಬಹಳ ಅಕ್ಕರೆಯಿಂದ ಇಟ್ಟುಕೊಂಡಿದ್ದ ಕಿರುಗತ್ತಿಯೊಂದಿತ್ತು. ಅದನ್ನು ಕೋಜಿಗೆ ತೋರಿಸಿದನು. ಕೋಜಿ ನೋಡಿ, ಇದು ಮರುಹದ ಕೊಟ್ಟ ಕತ್ತಿ, ಬೆಲೆಯುಳ್ಳದ್ದಲ್ಲ ಎಂದು ಹೇಳಿಬಿಟ್ಟನು. ಬೆಂಕಿಯಲ್ಲಿ ಬೆಂದ ಕತ್ತಿ ಮೊದಲಿನ ಕಾಠಿಣ್ಯವನ್ನು ಕಳೆದುಕೊಳ್ಳುತ್ತದೆ. ಅದರ ಹಮೋನ್ ಅಳಿಸಿಹೋಗುತ್ತದೆ. ಅಂತಹದನ್ನು ಮತ್ತೊಬ್ಬ ಕಮ್ಮಾರನು ಕಾಯಿಸಿ ನೀರಿಗಿಟ್ಟು ಹೊಸದಾಗಿ ರೇಖೆ ಮೂಡಿಸಬಹುದು. ಆದರೆ ಆಮೇಲೆ ಅದು ಮೊದಲಿನವನ ಕೃತಿಯಾಗಿ ಉಳಿಯುವುದಿಲ್ಲ. ಬುಡ ಮಸಮುನೆಯದೇ ಇರಬಹುದು, ಬೆಳಕಿಗೆ ಕಾಣುವ ಚೆಲುವು ಮಾತ್ರ ಬೇರೆಯವನದು. ಇಯೆಯಾಸುವಿಗೆ ಈ ಮಾತು ಹಿಡಿಸಲಿಲ್ಲ. ಕೋಜಿಗೆ ಆತನ ಮನಸ್ಸು ತಿಳಿಯದೆ ಇದ್ದೀತೆ? ಚೆನ್ನಾಗಿದೆ ಎಂದು ತಲೆದೂಗಿದ್ದರೆ ಪ್ರಭುವೂ ಸಂತೋಷಪಡುತ್ತಿದ್ದನು, ಕೋಜಿಯ ಮನೆಗೂ ಲಾಭವಾಗುತ್ತಿತ್ತು. ಆದರೆ ಒಂದು ಕತ್ತಿಯ ವಿಚಾರದಲ್ಲಿ ಹಾಗೆ ತಲೆದೂಗಿದವನ ಮಾತನ್ನು ಇನ್ನೊಂದು ಕತ್ತಿಯ ವಿಚಾರದಲ್ಲಿ ಯಾರು ನಂಬುವರು? ಕೊಯೆತ್ಸು ಇಂತಹ ಮನೆಯಲ್ಲಿ ಕಸುಬನ್ನು ಕಲಿತನು.

ಆತನು ಖಡ್ಗಪರೀಕ್ಷೆಯಲ್ಲಿ ತಂದೆಗೆ ತಕ್ಕ ಮಗನೆನಿಸಿದನು. ಮಾಯೆದ ಪ್ರಭುಗಳೊಡನೆಯೂ ಅವರ ಅಧಿಕಾರಿಗಳೊಡನೆಯೂ ಆತನು ನಡೆಸಿದ ಪತ್ರವ್ಯವಹಾರ ಬಹಳಷ್ಟು ಉಳಿದುಬಂದಿದೆ. ಆದರೆ ಕೀರ್ತಿಯನ್ನು ತಂದುಕೊಟ್ಟುದು ಅದಲ್ಲ. ಸಾಣೆ ಹಿಡಿದವನ ಹೆಸರನ್ನು ಕತ್ತಿಯ ಮೇಲೆ ಬರೆಯುವ ಪದ್ಧತಿಯಿಲ್ಲ. ಆತನ ಕೈಯಲ್ಲಿ ಎಷ್ಟು ಕತ್ತಿಗಳು ಬೆಳಗಿದವೋ, ಅವುಗಳಲ್ಲಿ ಒಂದನ್ನೂ ಇಂದು ಬೆರಳಿಟ್ಟು ತೋರಿಸುವಂತಿಲ್ಲ. ನಾವು ಆತನನ್ನು ಬಲ್ಲುದು ಆತನು ಕುಲವೃತ್ತಿಯ ಹೊರಗೆ ಮಾಡಿದ ಕೆಲಸಗಳಿಂದ.

ಅವುಗಳಲ್ಲಿ ಮೊದಲನೆಯದು ಬರವಣಿಗೆ. ಜಪಾನಿನಲ್ಲಿ ಕುಂಚದಿಂದ ಅಕ್ಷರ ಬರೆಯುವುದು ಚಿತ್ರಕಲೆಗೆ ಸಮನಾದ ಕಲೆ. ಆ ಕಾಲದ ಮೂವರು ಮಹಾಲಿಪಿಕಾರರಲ್ಲಿ ಕೊಯೆತ್ಸು ಒಬ್ಬನು. ಕೊನೋಎ ನೊಬುತಾದ ಎಂಬ ರಾಜಮನ್ನಣೆಯ ಶ್ರೀಮಂತನೂ ಶೋಕಾದೊ ಶೋಜೊ ಎಂಬ ಭಿಕ್ಷುವೂ ಉಳಿದಿಬ್ಬರು. ಇದನ್ನು ಕುರಿತು ಒಂದು ವಿನೋದದ ಕಥೆ ಪ್ರಚಾರದಲ್ಲಿದೆ. ದೇಶದಲ್ಲಿ ಚೆನ್ನಾಗಿ ಬರೆಯುವ ಮೂವರು ಯಾರೆಂದು ನೊಬುತಾದನು ಕೇಳಿದನಂತೆ. ಕೊಯೆತ್ಸು ಮೊದಲನೆಯವನ ಹೆಸರನ್ನು ಹೇಳದೆ, ಎರಡನೆಯವರು ತಾವು, ಮೂರನೆಯವರು ಆ ಭಿಕ್ಷುಗಳು ಎಂದನಂತೆ. ಹಾಗಾದರೆ ಮೊದಲನೆಯವನು ಯಾರೆಂದು ಆತನು ಮತ್ತೆ ಕೇಳಲು, ಅದು ನಾನೇ ಎಂದು ತಗ್ಗಿದ ದನಿಯಲ್ಲಿ ಉತ್ತರಕೊಟ್ಟನಂತೆ. ಕಥೆ ನಿಜವೋ ಅಲ್ಲವೋ, ತನ್ನ ತೀರ್ಪನ್ನು ತನ್ನ ವಿಚಾರದಲ್ಲಿಯೂ ಮುಚ್ಚಿಡದ ಪರೀಕ್ಷಕನ ಚಿತ್ರ ಇದರಲ್ಲಿ ಸರಿಯಾಗಿಯೇ ಮೂಡಿದೆ.

ತವರಾಯ ಸೋತಾತ್ಸು ಎಂಬ ಚಿತ್ರಕಾರನೊಡನೆ ಕೊಯೆತ್ಸು ಮಾಡಿದ ಕೃತಿಗಳು ಲೋಕಪ್ರಸಿದ್ಧವಾಗಿವೆ. ಸೋತಾತ್ಸು ಉದ್ದವಾದ ಕಾಗದದ ಸುರುಳಿಯ ಮೇಲೆ ಬಂಗಾರ ಬೆಳ್ಳಿಗಳ ಬಣ್ಣದಿಂದ ಚಿತ್ರ ಬರೆಯುತ್ತಿದ್ದನು. ಅದರ ಮೇಲೆ ಕೊಯೆತ್ಸು ಹಳೆಯ ಕವಿತೆಗಳನ್ನು ಬರೆಯುತ್ತಿದ್ದನು. ಕ್ಯೋಟೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಕೊಕ್ಕರೆಗಳ ಸುರುಳಿ ಸುಮಾರು ಹದಿಮೂರೂವರೆ ಮೀಟರು ಉದ್ದವಾಗಿದೆ. ಅದರಲ್ಲಿ ಕೊಕ್ಕರೆಗಳ ಹಿಂಡು ಏಳುತ್ತದೆ, ಹಾರುತ್ತದೆ, ಮೋಡಗಳಲ್ಲಿ ಮರೆಯಾಗಿ ಮತ್ತೆ ಇಳಿಯುತ್ತದೆ. ಅಕ್ಷರಗಳು ಆ ಹಿಂಡಿನ ನಡುವೆ ಒಮ್ಮೆ ದಪ್ಪವಾಗಿ, ಒಮ್ಮೆ ಕೂದಲೆಳೆಯಷ್ಟು ತೆಳುವಾಗಿ ಸಾಗುತ್ತವೆ. ಎಲ್ಲಿ ಹಕ್ಕಿಗಳು ಒತ್ತಾಗಿವೆಯೋ ಅಲ್ಲಿ ಬರಹ ಸರಿದು ದಾರಿ ಬಿಡುತ್ತದೆ. ಅಲಗಿನ ಉದ್ದಕ್ಕೂ ಏರುತ್ತ ತಗ್ಗುತ್ತ ಹೋಗುವ ಹಮೋನ್ ರೇಖೆಯನ್ನು ಹಗಲಿರುಳು ನೋಡಿದ ಕಣ್ಣಿಗಲ್ಲದೆ ಬೇರೆಯವರಿಗೆ ಈ ಲಯ ಸಿದ್ಧಿಸುತ್ತಿರಲಿಲ್ಲವೆಂದು ನನಗೆ ತೋರುತ್ತದೆ. ವಿದ್ವಾಂಸರು ಇದನ್ನು ಒಪ್ಪಬಹುದು, ಬಿಡಬಹುದು.

ಪುಸ್ತಕಗಳ ಮುದ್ರಣದಲ್ಲಿಯೂ ಆತನ ಕೈ ಇದ್ದಿತು. ಸುಮಿನೊಕುರ ಸೋಅನ್ ಎಂಬ ವಿದ್ಯಾಪ್ರೇಮಿಯಾದ ವರ್ತಕನು 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಸಾಗ ಎಂಬಲ್ಲಿ ಮರದ ಅಚ್ಚುಮೊಳೆಗಳಿಂದ ಪ್ರಾಚೀನ ಗ್ರಂಥಗಳನ್ನು ಅಚ್ಚುಹಾಕಿಸಿದನು. ಆ ಅಕ್ಷರಗಳ ರೂಪ ಕೊಯೆತ್ಸುವಿನ ಬರವಣಿಗೆಯ ಮಾದರಿಯದು. ಅರಮನೆಗಳಲ್ಲಿ ಅಡಗಿದ್ದ ಸಾಹಿತ್ಯ ನಗರದ ಓದುಗರ ಕೈಗೆ ಚೆಲುವಾದ ಪುಸ್ತಕಗಳಾಗಿ ಬಂದಿತು. ಹಾಗೆಯೇ, ಉರುಷಿ ಎಂಬ ಮರದ ಹಾಲಿನಿಂದ ಮಾಡುವ ಕರಿಯ ಮೆರುಗಿನ ಕೆಲಸದಲ್ಲಿಯೂ ಆತನು ಹೊಸ ದಾರಿಯನ್ನು ಹಿಡಿದನು. ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಆತನ ಮಸಿಗಲ್ಲಿನ ಪೆಟ್ಟಿಗೆಯೊಂದಿದೆ. ಅದರ ಮುಚ್ಚಳ ಗುಡ್ಡದಂತೆ ಉಬ್ಬಿದೆ. ಬಂಗಾರದ ಹೊಳೆಯಲ್ಲಿ ದೋಣಿಗಳು ಸಾಲಾಗಿ ನಿಂತಿವೆ. ಅವುಗಳ ಮೇಲೆ ಅಡ್ಡಲಾಗಿ ಕಪ್ಪನೆಯ ಸೀಸದ ಅಗಲವಾದ ಪಟ್ಟಿಯೊಂದಿದೆ. ಬೆಳ್ಳಿಯ ಅಕ್ಷರಗಳಲ್ಲಿ ಒಂದು ಹಳೆಯ ಕವಿತೆ ಹರಡಿಕೊಂಡಿದೆ. ಆದರೆ ಕವಿತೆಯಲ್ಲಿ ಬರಬೇಕಾದ ದೋಣಿಸೇತುವೆ ಎಂಬ ಪದವನ್ನು ಮಾತ್ರ ಆತನು ಬರೆದಿಲ್ಲ. ಸೀಸದ ಪಟ್ಟಿಯೇ ಆ ಸೇತುವೆ. ಓದುವವನು ಅಲ್ಲಿಗೆ ಬಂದಾಗ ಅಕ್ಷರವನ್ನು ಬಿಟ್ಟು ಚಿತ್ರವನ್ನು ಓದಬೇಕು. ಬಂಗಾರದ ನಡುವೆ ಸೀಸದಂತಹ ಕಳಪೆ ಲೋಹವನ್ನು ಇಡುವ ಧೈರ್ಯ, ಲೋಹಗಳ ಬಣ್ಣ ಬಲ್ಲವನಿಗೆ ಮಾತ್ರ ಬರುವಂತಹದು.

ಚಹಪಾನವನ್ನು ಒಂದು ಕಲೆಯಾಗಿ ಬೆಳೆಸಿದ ಆ ದೇಶದಲ್ಲಿ ಕೊಯೆತ್ಸುವಿಗೆ ಅದರ ಗುರು ಫುರುತ ಒರಿಬೆ. ಒಮ್ಮೆ ಆತನು ಚಹದ ಪುಡಿಯನ್ನಿಡುವ ಕಿರುಭರಣಿಯೊಂದನ್ನು ಕಂಡು ಮರುಳಾದನು. ಅದರ ಬೆಲೆ ಮೂವತ್ತು ದೊಡ್ಡ ಚಿನ್ನದ ನಾಣ್ಯಗಳು. ಕೊಯೆತ್ಸು ಇದ್ದ ಮನೆಯನ್ನು ಮಾರಿ, ಉಳಿದುದಕ್ಕೆ ಸಾಲಮಾಡಿ ಹಣ ಕೂಡಿಸಿದನು. ಇದನ್ನು ತಿಳಿದ ಮಾರುವವನು ಮರುಗಿ ಬೆಲೆ ಇಳಿಸಲು ಮುಂದಾದಾಗ, ಆತನು ಒಪ್ಪಲಿಲ್ಲ. ಅಷ್ಟು ಬೆಲೆಬಾಳುವ ವಸ್ತುವನ್ನು ಅದಕ್ಕಿಂತ ಕಡಮೆಗೆ ಕೊಳ್ಳುವುದು ಆತನ ದೃಷ್ಟಿಯಲ್ಲಿ ಸುಳ್ಳು ತೀರ್ಪನ್ನು ಕೊಟ್ಟಂತೆ. ಮುಂದೆ ಆ ಭರಣಿಯನ್ನು ಮಾಯೆದ ಪ್ರಭುವಿಗೆ ತೋರಿಸಿದಾಗ ಪ್ರಭು ಬಹಳವಾಗಿ ಬೆಳ್ಳಿಯನ್ನು ಕೊಡಿಸಹೋದನು; ಅದನ್ನೂ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದು ತಾಯಿಗೆ ಹೇಳಿದಾಗ ಆಕೆ ಮಗನ ನಡತೆಯನ್ನು ಮೆಚ್ಚಿಕೊಂಡಳಂತೆ. ಮುಪ್ಪಿನಲ್ಲಿ ಬೆಲೆಬಾಳುವ ಚಹದ ಪಾತ್ರೆಗಳನ್ನೆಲ್ಲ ಆತನು ಬಿಟ್ಟುಕೊಟ್ಟನು. ಒಡೆದೀತು, ಕಳೆದೀತು ಎಂಬ ಕಾವಲೇ ಹೆಚ್ಚಾಗಿ ಚಹದ ಸುಖ ಕಡಮೆಯಾಗುವುದೆಂದು ಆತನಿಗೆ ತೋರಿತು.

1615ನೆಯ ವರ್ಷ ಕೊಯೆತ್ಸುವಿನ ಬಾಳನ್ನು ಎರಡಾಗಿ ಮಾಡಿತು. ಆಗ ಆತನಿಗೆ ಐವತ್ತೇಳು. ಆ ಬೇಸಗೆಯಲ್ಲಿ ಇಯೆಯಾಸುವಿನ ಸೇನೆ ಒಸಾಕದ ಕೋಟೆಯನ್ನು ಹಿಡಿಯಿತು. ಹಿದೆಯೋಶಿಯ ವಂಶ ನಾಶವಾಯಿತು. ಹಿದೆಯೋಶಿ ಕೂಡಿಸಿಟ್ಟಿದ್ದ ಹೆಸರಾಂತ ಕತ್ತಿಗಳಲ್ಲಿ ಅನೇಕವು ಕೋಟೆಯೊಡನೆ ಸುಟ್ಟುಹೋದವು. ಇಯೆಯಾಸು ಅವುಗಳಲ್ಲಿ ಕೆಲವನ್ನು ಬೂದಿಯಿಂದ ತೆಗೆಸಿ, ಯಸುತ್ಸುಗು ಎಂಬ ಕಮ್ಮಾರನಿಂದ ಮರುಹದ ಕೊಡಿಸಿದನು. ಯಾವ ಮಾತನ್ನು ಒಂದು ಕಾಲದಲ್ಲಿ ಕೋಜಿಯ ಬಾಯಿಂದ ಕೇಳಿ ಆತನು ಅಸಮಾಧಾನಪಟ್ಟಿದ್ದನೋ, ಅದೇ ಕೆಲಸವನ್ನು ಈಗ ತಾನೇ ಮಾಡಿಸಬೇಕಾಗಿ ಬಂದಿತು. ಅದೇ ವರ್ಷ ಫುರುತ ಒರಿಬೆ ಶತ್ರುಪಕ್ಷದೊಡನೆ ಒಳಸಂಚು ನಡೆಸಿದನೆಂಬ ಆಪಾದನೆಗೆ ಗುರಿಯಾಗಿ, ಅಪ್ಪಣೆಯಂತೆ ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಂಡು ಸತ್ತನು. ಗುರುವಿನ ಮರಣದ ಸುದ್ದಿ ಬಂದಾಗ ಶಿಷ್ಯನ ಮನಸ್ಸು ಹೇಗಿದ್ದೀತೆಂದು ಊಹಿಸಬಹುದು. ಕತ್ತಿಯ ಚೆಲುವನ್ನು ಜೀವಮಾನವೆಲ್ಲ ಧ್ಯಾನಿಸಿದವನಿಗೆ ಅದರ ಇನ್ನೊಂದು ಮುಖ ಅಪರಿಚಿತವಾಗಿರಲಿಲ್ಲ.

ಇದೇ ವರ್ಷದಲ್ಲಿಯೇ ಇಯೆಯಾಸು ಕೊಯೆತ್ಸುವಿಗೆ ಕ್ಯೋಟೊ ನಗರದ ಉತ್ತರಕ್ಕಿರುವ ತಾಕಾಗಮಿನೆ ಎಂಬಲ್ಲಿ ವಿಶಾಲವಾದ ಭೂಮಿಯನ್ನು ಕೊಟ್ಟನು. ವೃತ್ತಾಂತದ ಪ್ರಕಾರ, ಕೊಯೆತ್ಸು ಹೇಗಿದ್ದಾನೆಂದು ಇಯೆಯಾಸು ಕ್ಯೋಟೊದ ಅಧಿಕಾರಿಯನ್ನು ವಿಚಾರಿಸಿದನು. ಆತನೊಬ್ಬ ವಿಚಿತ್ರ ಮನುಷ್ಯ, ನಗರವಾಸ ಬೇಸರವಾಗಿದೆ ಎನ್ನುತ್ತಾನೆ ಎಂದು ಅಧಿಕಾರಿ ತಿಳಿಸಿದನು. ಹಾಗಾದರೆ ದಾರಿಗಳ್ಳರ ಕಾಟವಿರುವ ಕಡೆ ಅವನಿಗೆ ಧಾರಾಳವಾಗಿ ಜಾಗ ಕೊಡಿ, ಅವನು ಅದನ್ನು ಊರು ಮಾಡಿಯಾನು ಎಂದು ಇಯೆಯಾಸು ಅಪ್ಪಣೆಮಾಡಿದನಂತೆ. ಇದು ಮನ್ನಣೆಯೋ, ಒರಿಬೆಯ ಶಿಷ್ಯನನ್ನು ನಗರದಿಂದ ದೂರ ಸರಿಸುವ ಜಾಣತನವೋ ಎಂಬುದನ್ನು ಕುರಿತು ಇತಿಹಾಸಕಾರರಲ್ಲಿ ಚರ್ಚೆ ನಡೆದಿದೆ. ಎರಡೂ ಇರಬಾರದೇಕೆ?

ಕೊಯೆತ್ಸು ಹೋದನು. ಆತನೊಡನೆ ಬಂಧುಗಳೂ ಮಿತ್ರರೂ ಹೋದರು. ಅಂದಿನ ನಕ್ಷೆಯೊಂದರಲ್ಲಿ ಐವತ್ತೈದು ಮನೆಗಳ ಗುರುತಿದೆ. ಕಾಗದ ಮಾಡುವವರು, ಕುಂಚ ಕಟ್ಟುವವರು ಮೊದಲಾದ ಕುಶಲಿಗಳು ಅಲ್ಲಿ ನೆಲಸಿದರು. ಅದನ್ನು ಕಲಾವಿದರ ಊರು ಎಂದು ವರ್ಣಿಸುವವರುಂಟು. ಆದರೆ ಅಲ್ಲಿದ್ದವರನ್ನು ಮುಖ್ಯವಾಗಿ ಒಂದುಗೂಡಿಸಿದ್ದು ಧರ್ಮಶ್ರದ್ಧೆ. ಹೊನಾಮಿ ಮನೆತನದವರು ನಿಚಿರೆನ್ ಎಂಬ ಬೌದ್ಧ ಆಚಾರ್ಯನ ಪಂಥದವರು. ಸದ್ಧರ್ಮಪುಂಡರೀಕ ಎಂಬ ಸೂತ್ರಗ್ರಂಥವೇ ಆ ಪಂಥದ ಜೀವಾಳ. ನಮ್ಮ ದೇಶದಲ್ಲಿ ಹುಟ್ಟಿ ಚೀನಾದ ಮಾರ್ಗವಾಗಿ ಅಲ್ಲಿಗೆ ತಲುಪಿದ ಆ ಗ್ರಂಥದ ಹೆಸರು ತಾಕಾಗಮಿನೆಯ ದೇವಾಲಯಗಳಲ್ಲಿ ದಿನವೂ ಮೊಳಗುತ್ತಿತ್ತು.

ಮುಪ್ಪಿನಲ್ಲಿ ಆತನ ಮನಸ್ಸು ಮಣ್ಣಿನ ಕಡೆಗೆ ತಿರುಗಿತು. ಚಹದ ಬಟ್ಟಲುಗಳನ್ನು ಮಾಡುವ ರಾಕು ಎಂಬ ಕುಂಬಾರ ಮನೆತನದವರು ಆತನ ಗೆಳೆಯರು. ಮಣ್ಣು ಕಳುಹಿಸಿಕೊಡಿರೆಂದು ಅವರಿಗೆ ಬರೆದ ಚೀಟಿಗಳು ಇಂದಿಗೂ ಇವೆ. ಚಕ್ರದ ಮೇಲೆ ತಿರುವದೆ, ಕೈಯಿಂದಲೇ ಒತ್ತಿ, ಅಲಗಿನಿಂದ ಕೆತ್ತಿ, ಆತನು ಬಟ್ಟಲುಗಳನ್ನು ರೂಪಿಸುತ್ತಿದ್ದನು. ರಾಕು ಮನೆಯ ಕುಲುಮೆಯಲ್ಲಿ ಅವು ಬೇಯುತ್ತಿದ್ದವು. ಹೀಗೆ ಬೆಂದ ಬಿಳಿಯ ಬಟ್ಟಲೊಂದರ ಕೆಳಗಿನ ಅರ್ಧ ಬೆಂಕಿಯ ವಿಚಿತ್ರದಿಂದ ಬೂದುಗಪ್ಪಾಯಿತು, ಮೇಲಿನ ಅರ್ಧ ಬೆಳ್ಳಗೆ ಉಳಿಯಿತು. ಮಾಡಿದವನೇ ಅದನ್ನು ನೋಡಿ, ಹಿಮ ಹೊತ್ತ ಫುಜಿ ಪರ್ವತದ ನೆನಪಿನಿಂದ ಅದಕ್ಕೆ ಫುಜಿಸನ್ ಎಂದು ಹೆಸರಿಟ್ಟು, ಪೆಟ್ಟಿಗೆಯ ಮೇಲೆ ತನ್ನ ಕೈಯಾರೆ ಬರೆದನು. ಮಗಳ ಮದುವೆಯಲ್ಲಿ ಅದನ್ನು ರೇಷ್ಮೆಯ ತೋಳಿನ ಬಟ್ಟೆಯಲ್ಲಿ ಸುತ್ತಿ ಆಕೆಯೊಡನೆ ಕಳುಹಿಸಿದನೆಂಬ ಪ್ರತೀತಿಯಿದೆ. ಜಪಾನಿನಲ್ಲಿಯೇ ತಯಾರಾದ ಚಹದ ಬಟ್ಟಲುಗಳಲ್ಲಿ ರಾಷ್ಟ್ರದ ನಿಧಿಯೆಂದು ಸರ್ಕಾರ ಘೋಷಿಸಿರುವುದು ಎರಡನ್ನು ಮಾತ್ರ. ಫುಜಿಸನ್ ಅವುಗಳಲ್ಲಿ ಒಂದು. ಕಾದ ವಸ್ತುವಿನ ಮೇಲೆ ಬೆಂಕಿ ಬರೆದ ಗಡಿಯನ್ನು ಗುರುತಿಸಿ, ಇದು ಕೆಟ್ಟಿಲ್ಲ, 이ದೇ ಚೆಲುವು ಎಂದು ಹೇಳಲು ಹಮೋನ್ ನೋಡಿದ ಕಣ್ಣೇ ಬೇಕಾಗಿತ್ತು.

ಕೊನೆಯ ದಿನಗಳ ಬರಹದಲ್ಲಿ ಕೈಯ ನಡುಕ ಕಾಣುತ್ತದೆ. ಮೊದಲಿನ ದಪ್ಪ ಗೆರೆಗಳ ಗರ್ವ ಅಲ್ಲಿಲ್ಲ. ಆದರೂ ಆತನು ಕುಂಚವನ್ನು ಕೆಳಗಿಡಲಿಲ್ಲ. ನಡುಗುವ ಗೆರೆಯನ್ನು ಮರೆಮಾಚಲೂ ಪ್ರಯತ್ನಿಸಲಿಲ್ಲ. 1637ರಲ್ಲಿ ತಾಕಾಗಮಿನೆಯಲ್ಲಿ ಕೊಯೆತ್ಸು ತೀರಿಕೊಂಡನು. ಮುಂದಿನ ತಲೆಮಾರುಗಳಲ್ಲಿ ಆ ಭೂಮಿ ಸರ್ಕಾರಕ್ಕೆ ಮರಳಿತು. ಆತನಿದ್ದ ಸ್ಥಳದಲ್ಲಿ ಕೊಯೆತ್ಸುಜಿ ಎಂಬ ದೇವಾಲಯ ಉಳಿದುಕೊಂಡಿತು. ಆತನ ಅಕ್ಕನ ಮರಿಮಗನಾದ ಒಗಾತ ಕೋರಿನ್ ಮುಂದೆ ಜಪಾನಿನ ಮಹಾಚಿತ್ರಕಾರರಲ್ಲಿ ಒಬ್ಬನಾಗಿ, ಕೊಯೆತ್ಸು ಮತ್ತು ಸೋತಾತ್ಸು ತೋರಿದ ದಾರಿಯನ್ನು ಬೆಳೆಸಿದನು. ಹೊನಾಮಿ ಮನೆತನದವರು ಶೋಗುನರ ಖಡ್ಗಪರೀಕ್ಷಕರಾಗಿ ತಲೆಮಾರುಗಳವರೆಗೆ ಮುಂದುವರಿದರು. 1876ರಲ್ಲಿ ಹೊಸ ಸರ್ಕಾರ ಸಾರ್ವಜನಿಕರು ಕತ್ತಿ ಧರಿಸುವುದನ್ನು ನಿಷೇಧಿಸಿತು. ಅಲ್ಲಿಂದ ಮುಂದೆ ಹಳೆಯ ಕತ್ತಿಗಳಿಗೆ ಸೊಂಟದಲ್ಲಿ ಸ್ಥಾನ ತಪ್ಪಿ, ನೋಡುವವರ ಕಣ್ಣಿನಲ್ಲಿ ಮಾತ್ರ ಸ್ಥಾನ ಉಳಿಯಿತು.

ಇಷ್ಟೊಂದು ಕತ್ತಿಗಳನ್ನು ನೋಡಿದವನು ತನಗಾಗಿ ಯಾವುದನ್ನು ಇಟ್ಟುಕೊಂಡಿದ್ದನು? 2024ರಲ್ಲಿ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕೊಯೆತ್ಸುವಿನ ಕೃತಿಗಳ ದೊಡ್ಡ ಪ್ರದರ್ಶನ ನಡೆಯಿತು. ಅಲ್ಲಿ ಒಂದು ಕಿರುಗತ್ತಿಯನ್ನು ಇಟ್ಟಿದ್ದರು. ಕೊಯೆತ್ಸು ತಾನು ಧರಿಸುತ್ತಿದ್ದನೆಂದು ಪರಂಪರೆಯಿಂದ ಬಂದಿರುವ ಕತ್ತಿ ಅದು. ಮಾಡಿದವನು ಕಾನೆಉಜಿ. ಮಸಮುನೆಯ ಹತ್ತು ಮಂದಿ ಶಿಷ್ಯರಲ್ಲಿ ಅವನನ್ನು ಎಣಿಸುವುದು ರೂಢಿ. ಒರೆಗೆ ಕೆಂಪು ಮೆರುಗು, ಅದರ ಮೇಲೆಲ್ಲ ಬಂಗಾರದ ಜರೀಗಿಡದ ಎಲೆಗಳು. ಹಿಡಿಯನ್ನು ಕಳಚಿದರೆ, ಅಲಗಿನ ಬುಡದಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಹನಗತಮಿ ಎಂಬ ಪದವನ್ನು ಬಂಗಾರದಿಂದ ಕೂರಿಸಿದೆ. ಹೂಬುಟ್ಟಿ ಎಂದು ಅದರ ಅರ್ಥ.